ಮುನಿಲಕ್ಷ್ಮಿ ಎದುರುದಾರಳಾಗಿದ್ದ ವರ್ಷ

ಕಳೆದ ತಿಂಗಳು ಮನೆಯ ಹಳೆಯ ರೇಡಿಯೊ ಎತ್ತಿಕೊಂಡು ಯಲಹಂಕದ ಹಳೇ ಪೇಟೆಯ ರಿಪೇರಿ ಅಂಗಡಿಗೆ ಹೋಗಿದ್ದೆ. ರೇಡಿಯೊ ಬಿಚ್ಚುವವರು ಸಿಗುವುದೇ ಅಪರೂಪವಾಗಿರುವ ಕಾಲ ಇದು. ಅಂಗಡಿಯವರು ಕನ್ನಡಕ ಹಣೆಗೇರಿಸಿ, ಬೆಸುಗೆ ಹಾಕುವ ಬಿಸಿ ಐರನ್ನಿನ ತುದಿಯನ್ನು ರಾಳದ ಡಬ್ಬಿಗೆ ಮುಟ್ಟಿಸಿದರು. ಸುರ್ ಎಂದು ಹೊಗೆ ಎದ್ದಿತು. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಸ್ಥಳೀಯರಿಗೇ ಕೆಲಸ ಕೊಡಬೇಕೋ ಬೇಡವೋ ಎಂದು ಇಬ್ಬರು ಕೈಬೀಸಿ ಜಗಳವಾಡುತ್ತಿದ್ದರು. ರಾಳದ ಹೊಗೆ ಮೂಗಿಗೆ, ಆ ಮಾತು ಕಿವಿಗೆ ಒಟ್ಟಿಗೇ ಬಿದ್ದದ್ದರಿಂದಲೋ ಏನೋ, ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಕಣ್ಣ ಮುಂದೆ ಬಂತು. ನಾನು ಹೈಕೋರ್ಟಿನ ಮೆಟ್ಟಿಲು ಹತ್ತಿದ ವರ್ಷ. ಮುನಿಲಕ್ಷ್ಮಿ ನನ್ನ ಎದುರುದಾರಳಾಗಿದ್ದ ವರ್ಷ.

ನಾನು ಗದಗಿನ ಕಡೆಯವಳು. ಹುಬ್ಬಳ್ಳಿಯ ಐ.ಟಿ.ಐ.ಯಲ್ಲಿ ರೇಡಿಯೊ ಮೆಕ್ಯಾನಿಕ್ ಕಲಿತಿದ್ದೆ. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಕಲಿತು ಬಂದ ಮೇಲೆ ಆ ವಿದ್ಯೆಗೆ ನಮ್ಮ ಕಡೆ ಕೆಲಸವಿರಲಿಲ್ಲ. ಅಣ್ಣ ಬಸವರಾಜ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದ, ಇನ್ನೂ ಮದುವೆಯಾಗಿರಲಿಲ್ಲ. ಅವನಿಗೆ ಅಡುಗೆ ಮಾಡಿ ಹಾಕುವವರು ಬೇಕಿತ್ತು, ನನಗೆ ಕೆಲಸ ಬೇಕಿತ್ತು. ಯುಗಾದಿ ಕಳೆದ ವಾರವೇ ಒಂದು ಟ್ರಂಕು ಹಿಡಿದುಕೊಂಡು ಬಂದಿಳಿದೆ. ಅಣ್ಣ ಯಲಹಂಕದಲ್ಲಿ ಬಾಡಿಗೆಗಿದ್ದ. ಬೆಳಿಗ್ಗೆ ರೈಲು ಹಿಡಿದು ಕೆಲಸಕ್ಕೆ ಹೋಗಿ ಸಂಜೆ ಅದೇ ರೈಲಿನಲ್ಲಿ ಹಿಂದಿರುಗುತ್ತಿದ್ದ.

ಮನೆಯ ಮಾಲೀಕರು ಪಿಳ್ಳಪ್ಪನವರು. ಅವರ ದ್ರಾಕ್ಷಿ ತೋಟ ಊರಾಚೆ ದೊಡ್ಡಬಳ್ಳಾಪುರದ ರಸ್ತೆಯ ಬದಿಯಲ್ಲಿತ್ತು. ಸರ್ಕಾರ ಅಲ್ಲಿ ರೇಡಿಯೊ ಬಿಡಿಭಾಗಗಳ ಕಾರ್ಖಾನೆ ಕಟ್ಟಬೇಕೆಂದು ಆ ನೆಲವನ್ನೂ ಸುತ್ತಮುತ್ತಲಿನ ಹೊಲಗಳನ್ನೂ ತೆಗೆದುಕೊಂಡಿತು. ತೋಟ ಹೋದ ಮೇಲೆ ಪಿಳ್ಳಪ್ಪನವರು ತಮ್ಮ ಮನೆಯ ನಡುವೆ ಗೋಡೆ ಎಬ್ಬಿಸಿ ಅರ್ಧವನ್ನು ಬಾಡಿಗೆಗೆ ಕೊಟ್ಟಿದ್ದರು. ಜಗಲಿ ಒಂದೇ, ಬಾಗಿಲು ಎರಡು. ಬೆಳಿಗ್ಗೆ ಎದ್ದು ಹೊರಗೆ ಬಂದು ಎಲ್ಲಿ ಹೋಗಬೇಕೆಂದು ತೋಚದೆ ನಿಲ್ಲುವ ರೈತನನ್ನು ನಾನು ಮೊದಲು ಕಂಡದ್ದು ಆ ಜಗಲಿಯ ಮೇಲೆ.

ಅವರ ಮಗಳೇ ಮುನಿಲಕ್ಷ್ಮಿ. ನಾನು ಬಂದ ಮಾರನೆಯ ದಿನ ಜೋಳದ ರೊಟ್ಟಿ ಬಡಿಯುತ್ತಿದ್ದಾಗ, ಗೋಡೆ ಒಡೆಯುತ್ತಿದ್ದಾರೇನೋ ಎಂದು ನೋಡಲು ಬಂದಳು. ಉದ್ದನೆಯ, ಸಪೂರ ಹುಡುಗಿ. ಮಾತಾಡುವಾಗ ಎದುರಿನವರ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಒಲೆಯ ಪಕ್ಕ ಕೂತು ಬಿಸಿ ರೊಟ್ಟಿ ತಿಂದಳು, ಸಂಜೆ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ಮುದ್ದೆಯನ್ನು ಅಗಿಯದೆ ನುಂಗುವುದು ನನಗೆ ಒಗ್ಗಲಿಲ್ಲ. ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕಳು. ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಆ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ. ಓದಿನ ನಡುವೆಯೂ ತೋಟದಲ್ಲಿ ದುಡಿದಿದ್ದಳು. ದ್ರಾಕ್ಷಿ ಗೊಂಚಲಿನ ಒಳಗಿಂದ ಬೇಡದ ಕಾಯಿಗಳನ್ನು ಸಣ್ಣ ಕತ್ತರಿಯಲ್ಲಿ ಬಿಡಿಸಿ ತೆಗೆಯುವುದು ಅವಳ ಕೆಲಸವಾಗಿತ್ತು. ಪಕ್ಕದ ಕಾಯಿಗೆ ಏಟು ಬೀಳಬಾರದು. ಅದನ್ನು ಹೇಳುವಾಗ ಅವಳ ಬೆರಳುಗಳು ಗಾಳಿಯಲ್ಲೇ ಗೊಂಚಲು ಹುಡುಕುತ್ತಿದ್ದವು.

ಆಷಾಢದ ಗಾಳಿ ಬೀಸುತ್ತಿದ್ದಾಗ ಕಾರ್ಖಾನೆಯ ಪ್ರಕಟಣೆ ಬಂತು. ಬಿಡಿಭಾಗಗಳನ್ನು ಜೋಡಿಸಲು ಹೆಣ್ಣುಮಕ್ಕಳು ಬೇಕಾಗಿದ್ದರು. ನಾನು ಕಲಿತದ್ದೇ ಆ ಕೆಲಸ. ನಾವಿಬ್ಬರೂ ಸೆರಗು ಹಿಡಿದುಕೊಂಡು ಗಾಳಿಗೆ ಎದುರಾಗಿ ನಡೆದು ಹೋದೆವು. ಮುನಿಲಕ್ಷ್ಮಿಯ ಅರ್ಜಿಯನ್ನು ತೆಗೆದುಕೊಂಡರು. ನನ್ನದನ್ನು ಹಿಂದಕ್ಕೆ ತಳ್ಳಿದರು. ಈ ಹೋಬಳಿಯಲ್ಲಿ ಐದು ವರ್ಷದಿಂದ ವಾಸವಾಗಿರುವವರು ಮಾತ್ರ ಅರ್ಜಿ ಹಾಕಬಹುದಂತೆ. ನನ್ನ ಸರ್ಟಿಫಿಕೇಟು ತೋರಿಸಿದೆ. ಅಲ್ಲಿದ್ದವರು ಅದನ್ನು ಬಿಡಿಸಿ ಕೂಡ ನೋಡಲಿಲ್ಲ. ನಿಮ್ಮೂರಿನ ಕಡೆ ಕಾರ್ಖಾನೆ ಬಂದಾಗ ಕೇಳಿ ಎಂದರು.

ಮನೆಗೆ ಬಂದು ವಿಷಯ ತಿಳಿಸಿದಾಗ ಪಿಳ್ಳಪ್ಪನವರೇ ಮರುಗಿದರು. ನನ್ನನ್ನು ತಮ್ಮ ತಂಗಿಯ ಮಗಳು, ಸಣ್ಣವಳಿದ್ದಾಗಿನಿಂದ ಇಲ್ಲೇ ಬೆಳೆದವಳು ಎಂದು ಹೇಳಿ ವಾಸದ ಪತ್ರ ಬರೆಸಿಕೊಡುತ್ತೇನೆಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬಾಯಿ ತೆರೆದರೆ ನನ್ನ ಊರು ಗೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೆತ್ತವರನ್ನು ಬದಲಾಯಿಸಿ ಹೇಳಿ ಕೆಲಸಕ್ಕೆ ಸೇರಲು ನನಗೆ ಮನಸ್ಸು ಬರಲಿಲ್ಲ. ಬೇಡ ಎಂದೆ.

ಶ್ರಾವಣದಲ್ಲಿ ಮುನಿಲಕ್ಷ್ಮಿಗೆ ಕೆಲಸ ಸಿಕ್ಕಿತು. ಪರೀಕ್ಷೆ ಇರಲಿಲ್ಲ, ವಾಸದ ಪತ್ರ, ಎರಡು ಮಾತು, ಅಷ್ಟೇ. ತರಬೇತಿ ಶುರುವಾಯಿತು. ಸಂಜೆ ಬಂದವಳು ನೇರ ನಮ್ಮ ಬಾಗಿಲಿಗೇ ಬರುತ್ತಿದ್ದಳು. ಅವಳ ಸೀರೆಯಲ್ಲಿ ರಾಳದ ಹೊಗೆಯ ವಾಸನೆ ಇರುತ್ತಿತ್ತು. ಅಂದು ಕಲಿಸಿದ್ದರಲ್ಲಿ ಅರ್ಥವಾಗದ್ದನ್ನು ನನ್ನನ್ನು ಕೇಳುತ್ತಿದ್ದಳು. ರೆಸಿಸ್ಟರಿನ ಮೇಲಿನ ಬಣ್ಣದ ಪಟ್ಟಿಗಳಿಗೆ ಒಂದೊಂದು ಅಂಕಿ ಇರುತ್ತದೆ. ಅದು ನೆನಪಿನಲ್ಲಿ ನಿಲ್ಲದೆ ಒದ್ದಾಡುತ್ತಿದ್ದಳು. ಆಮೇಲೆ ತಾನೇ ದಾರಿ ಕಂಡುಕೊಂಡಳು. ಕಪ್ಪು ದ್ರಾಕ್ಷಿ ಸೊನ್ನೆ, ಕಂದು ಮಣ್ಣು ಒಂದು, ಕೆಂಪು ಮೆಣಸಿನಕಾಯಿ ಎರಡು, ಕಿತ್ತಳೆ ಮೂರು. ನಾನು ಹುಬ್ಬಳ್ಳಿಯಲ್ಲಿ ಉರುಹೊಡೆದು ಕಲಿತದ್ದು ಅವಳ ಬಾಯಲ್ಲಿ ತೋಟವಾಗಿ ಬಂತು. ಅವಳಿಗೆ ಹೇಳಿಕೊಡುವುದು ನನಗೆ ಖುಷಿ ಕೊಡುತ್ತಿತ್ತು. ಅವಳು ಗೋಡೆಯ ಆಚೆ ಹೋದ ಮೇಲೆ ಮಾತ್ರ ಎದೆಯಲ್ಲಿ ಏನೋ ಉರಿಯುತ್ತಿತ್ತು. ಈ ಕೆಲಸ ನನಗೆ ಬರುತ್ತದೆ. ಬರುತ್ತದೋ ಇಲ್ಲವೋ ಎಂದು ಕೇಳುವುದಕ್ಕೂ ಯಾರೂ ತಯಾರಿಲ್ಲ.

ಅಣ್ಣನಿಗೆ ಪರಿಚಯದ ವಕೀಲರೊಬ್ಬರು ಆರ್.ಟಿ. ನಗರದಲ್ಲಿದ್ದರು, ಧಾರವಾಡದ ಕಡೆಯವರು. ಒಂದು ಭಾನುವಾರ ಅಣ್ಣ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದ. ಅವರು ಚಹಾ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡರು. ಸರ್ಕಾರಿ ಕೆಲಸಕ್ಕೆ ಹುಟ್ಟಿದ ಊರು, ವಾಸದ ಊರು ನೋಡಿ ಯಾರನ್ನೂ ಹೊರಗಿಡುವಂತಿಲ್ಲ ಎಂದು ಸಂವಿಧಾನದಲ್ಲೇ ಇದೆ ಎಂದರು. ವಾಸದ ಷರತ್ತು ಹಾಕಲೇಬೇಕೆಂದಿದ್ದರೆ ಅದಕ್ಕೆ ಪಾರ್ಲಿಮೆಂಟು ಕಾನೂನು ಮಾಡಬೇಕು, ಕಾರ್ಖಾನೆಯ ಆಫೀಸಿನಲ್ಲಿ ಕೂತವರಲ್ಲ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕೋಣ ಎಂದರು. ಆದರೆ ಈಗಾಗಲೇ ಕೆಲಸಕ್ಕೆ ಸೇರಿದವರನ್ನೂ ಎದುರುದಾರರನ್ನಾಗಿ ಮಾಡಬೇಕಾಗುತ್ತದೆ, ತೀರ್ಪು ಅವರನ್ನೂ ಮುಟ್ಟಬಹುದು ಎಂದು ಎಚ್ಚರಿಸಿದರು.

ಸಹಿ ಹಾಕುವ ಮೊದಲು ನಾನು ಮುನಿಲಕ್ಷ್ಮಿಗೆ ಹೇಳಿದೆ. ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆವು. ಅವಳು ಕೈ ನಿಲ್ಲಿಸಿದಳು.

“ನನ್ ಕೆಲಸ ಓಯ್ತದಾ ಅಕ್ಕ?”

“ಹೋಗಬಹುದು. ಹೋಗದನೂ ಇರಬಹುದು. ನನಗ ಗೊತ್ತಿಲ್ಲ.”

ಅವಳು ಹಿಂಡಿದ ಸೀರೆಯನ್ನೇ ಮತ್ತೆ ಹಿಂಡಿದಳು.

“ಮೊದ್ಲೇ ಏಳ್ದಲ್ಲ, ಒಳ್ಳೇದಾಯ್ತು. ನಿಂಗೆ ನ್ಯಾಯ ಅನ್ಸಿದ್ದು ನೀನ್ ಮಾಡು. ನನ್ ಕಡೆ ಏನೈತೋ ಅದ ನಾನೂ ಅಲ್ಲೇ ಬಂದು ಏಳ್ತೀನಿ.”

ಎಳೆಯ ವಯಸ್ಸಿನಲ್ಲಿ, ಕೈಗೆ ಬಂದ ಕೆಲಸ ಜಾರುವ ಹೊತ್ತಿನಲ್ಲಿ, ಹಾಗೆ ಹೇಳಲು ಎಂಥ ಗಟ್ಟಿ ಮನಸ್ಸಿರಬೇಕು ಎಂದು ಇವತ್ತಿಗೂ ಆಶ್ಚರ್ಯಪಡುತ್ತೇನೆ.

ಪಿಳ್ಳಪ್ಪನವರಿಗೆ ತಿಳಿದದ್ದು ದಸರಾ ಮುಗಿದ ಮೇಲೆ, ಕೋರ್ಟಿನ ನೋಟೀಸು ಬಂದಾಗ. ಎದುರುದಾರರ ಸಾಲಿನ ಕೊನೆಯಲ್ಲಿ ಮಗಳ ಹೆಸರು, ಎಲ್ಲಕ್ಕೂ ಮೇಲೆ ನನ್ನ ಹೆಸರು. ಓದಿ ಹೇಳಿದವಳು ಮುನಿಲಕ್ಷ್ಮಿಯೇ. ಅವರು ಜಗಲಿಗೆ ಬಂದು ನಮ್ಮ ಬಾಗಿಲ ಮುಂದೆ ನಿಂತರು. ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆವು.

“ಬಸವರಾಜಪ್ಪನೋರೆ, ನೆಲ ಓಯ್ತು, ಸುಮ್ನಿದ್ದೆ. ಈಗ ಮಗಳ ಕೆಲಸನೂ ಓಗ್ಬೇಕಾ? ಅದೂ ನನ್ ಜಗಲಿ ಮ್ಯಾಲೆ ಕುಂತೋರಿಂದ?”

ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದರು. ಅಣ್ಣ ತಲೆ ತಗ್ಗಿಸಿ ಒಪ್ಪಿಕೊಂಡ. ಆಗ ಮುನಿಲಕ್ಷ್ಮಿ ತಂದೆಯ ಹಿಂದಿನಿಂದ ಮುಂದೆ ಬಂದಳು.

“ಅಪ್ಪಾ, ಅವಳು ನನ್ ಕೆಲಸ ಕಿತ್ತು ಕೊಡಿ ಅಂತ ಕೇಳಿಲ್ಲ. ತನ್ನೂ ಒಂದ್ ಸಲ ನೋಡಿ ಅಂತ ಕೇಳವ್ಳೆ. ಕೋರ್ಟಿಗೆ ಓದೋರ್ನ ಮನೆ ಬಿಡ್ಸಿದ್ರೆ ನಾವ್ ಎದ್ರುಕೊಂಡ್ವಿ ಅಂತಾರೆ ಜನ. ಇರ್ಲಿ ಬಿಡು.”

ಪಿಳ್ಳಪ್ಪನವರು ಒಳಗೆ ಹೋದರು. ಮನೆ ಬಿಡಿ ಎಂಬ ಮಾತು ಮತ್ತೆ ಬರಲಿಲ್ಲ. ಆದರೆ ಅವತ್ತಿನಿಂದ ಅವರು ನಮ್ಮೊಡನೆ ಮಾತು ಬಿಟ್ಟರು. ಬೀದಿಯವರೂ ಬದಲಾದರು. ಅಂಗಡಿಗೆ ಹೋದರೆ ನಡೆಯುತ್ತಿದ್ದ ಮಾತು ನಿಂತುಬಿಡುತ್ತಿತ್ತು. ಎಲ್ಲಿಂದಲೋ ಬಂದವಳು ಅನ್ನುವುದು ಬೆನ್ನ ಹಿಂದೆ ಕೇಳಿಸುತ್ತಿತ್ತು. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ತಮ್ಮ ಹೊಲದ ಮೇಲೆ ಎದ್ದ ಗೋಡೆಯ ಒಳಗೆ ತಮ್ಮ ಮಕ್ಕಳಾದರೂ ಇರಲಿ ಎಂದು ಅವರು ಬಯಸಿದ್ದರು. ಅದು ಸಣ್ಣ ಆಸೆಯೇನಲ್ಲ. ನನ್ನ ಬೇಡಿಕೆಯೂ ಸುಳ್ಳಾಗಿರಲಿಲ್ಲ. ಎರಡೂ ನಿಜವಾಗಿರುವಾಗ ಒಂದೇ ಜಗಲಿಯ ಮೇಲೆ ಬದುಕುವುದು ಎಷ್ಟು ಕಷ್ಟ ಎಂಬುದನ್ನು ಆ ಚಳಿಗಾಲ ನನಗೆ ಕಲಿಸಿತು.

ವಿಚಾರಣೆ ಬಂದದ್ದು ಅವರೆಕಾಯಿಯ ಕಾಲದಲ್ಲಿ. ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಹೆಬ್ಬಾಳದ ಕೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಬಸ್ಸಿನಿಂದ ಕಾಣಲೇ ಇಲ್ಲ. ಮಾರುಕಟ್ಟೆಗೆ ಹೊರಟ ಅವರೆಕಾಯಿ ಮೂಟೆಗಳ ಸೊಗಡು ಬಸ್ಸಿನ ತುಂಬ ಇತ್ತು. ಪಿಳ್ಳಪ್ಪನವರು ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿಕೊಂಡು ನೇರ ಕೂತಿದ್ದರು. ಅಣ್ಣ ಅವರಿಂದ ಎರಡು ಸೀಟು ಹಿಂದೆ. ಅರ್ಜಿದಾರಳೂ ಎದುರುದಾರಳೂ ಕೊನೆಯ ಸೀಟಿನಲ್ಲಿ ಒಂದೇ ಶಾಲು ಹೊದ್ದು ಕೂತಿದ್ದೆವು. ಕೋರ್ಟಿನಲ್ಲಿ ನಾವು ಬೇರೆ ಬೇರೆ ಕಡೆ ಕೂರಬೇಕಾ ಎಂದು ಅವಳು ಮೆಲ್ಲಗೆ ಕೇಳಿದಳು. ನನಗೂ ಗೊತ್ತಿರಲಿಲ್ಲ.

ಹೈಕೋರ್ಟಿನ ಕೆಂಪು ಕಟ್ಟಡದ ಆ ದೊಡ್ಡ ಕೋಣೆಯಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಕಾರ್ಖಾನೆಯ ವಕೀಲರು, ನೆಲ ಕೊಟ್ಟ ಊರಿನವರಿಗೆ ಆದ್ಯತೆ ಕೊಡುವುದು ನ್ಯಾಯವೇ ಎಂದರು. ನಮ್ಮ ವಕೀಲರು ಹೇಳಿದ್ದು ಬೇರೆ. ಷರತ್ತಿನಲ್ಲಿ ಇರುವುದು ನೆಲ ಕೊಟ್ಟವರು ಎಂದಲ್ಲ, ಐದು ವರ್ಷ ವಾಸವಿದ್ದವರು ಎಂದು. ಒಂದು ಗೇಣು ನೆಲವನ್ನೂ ಕೊಡದೆ ಪೇಟೆಯಲ್ಲಿ ಬಾಡಿಗೆಗಿದ್ದವರ ಮಕ್ಕಳಿಗೆ ಕೆಲಸ ಸಿಕ್ಕಿದೆ. ನೆಲ ಕಳೆದುಕೊಂಡು ಚಿಕ್ಕಬಾಣಾವರದ ಕಡೆ ಗುಳೆ ಹೋದವರಿಗೆ ಸಿಕ್ಕಿಲ್ಲ. ನ್ಯಾಯಮೂರ್ತಿಗಳು ತಲೆಯೆತ್ತಿ, ಎದುರುದಾರರಲ್ಲಿ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದರು. ಮುನಿಲಕ್ಷ್ಮಿ ಎದ್ದು ನಿಂತಳು. ಅವರು ಕನ್ನಡದಲ್ಲೇ, ಹೇಳುವುದೇನಾದರೂ ಇದೆಯೇನಮ್ಮ ಎಂದರು.

ಅವಳು ಎರಡೂ ಕೈಯಲ್ಲಿ ಮುಂದಿನ ಬೆಂಚು ಹಿಡಿದುಕೊಂಡಳು.

“ಸ್ವಾಮಿ, ಇವಳು ಬರಬಾರ್ದು ಅಂತ ನಾನ್ ಏಳಕ್ಕಿಲ್ಲ. ಇವಳ್ಗೆ ನನಗಿಂತ ಚೆನ್ನಾಗಿ ಕೆಲಸ ಬತ್ತದೆ, ನಂಗೆ ಏಳ್ಕೊಟ್ಟಿರೋದೇ ಇವಳು. ಆದ್ರೆ ನಾನು ಈ ಊರಾಗೆ ಉಟ್ಟಿದ್ದಕ್ಕೆ ಕೆಲಸ ಕೊಟ್ವಿ ಅಂತಾರಲ್ಲ, ಉಟ್ಟಿದ್ರಾಗೆ ನಂದೇನೈತೆ? ನಮ್ಮಪ್ಪ ತೋಟ ಬಿಟ್ಕೊಟ್ರು. ಬಿಟ್ಕೊಡೋವಾಗ ಮನೆಗೊಂದು ಕೆಲಸ ಅಂತ ಮಾತ್ ಕೊಟ್ಟಿದ್ರು. ಅದ ಕೇಳ್ತೀನಿ. ಉಟ್ಟಿದ್ದ ಕೇಳಕ್ಕಿಲ್ಲ.”

ನ್ಯಾಯಮೂರ್ತಿಗಳು ಏನೋ ಬರೆದುಕೊಂಡರು, ಕೂತುಕೋ ಎಂದರು. ಹೊರಗೆ ಬಂದಾಗ ಮಂಜು ಕರಗಿ ಬಿಸಿಲು ಬಿದ್ದಿತ್ತು. ವಿಧಾನಸೌಧದ ಮುಂದಿನ ರಸ್ತೆ ದಾಟುವಾಗ ಪಿಳ್ಳಪ್ಪನವರು ಮಗಳ ಕೈ ಹಿಡಿದುಕೊಂಡರು. ಆಚೆ ಬದಿ ತಲುಪಿದ ಮೇಲೂ ಬಿಡಲಿಲ್ಲ.

ತೀರ್ಪು ಸಂಕ್ರಾಂತಿ ಕಳೆದ ಮೇಲೆ ಬಂತು. ವಾಸದ ಷರತ್ತು ನಿಲ್ಲುವುದಿಲ್ಲ, ಆಯ್ಕೆ ರದ್ದು, ಎಲ್ಲ ಊರಿನವರಿಗೂ ತೆರೆದ ಪರೀಕ್ಷೆ ನಡೆಸಬೇಕು, ಈಗ ಕೆಲಸ ಬಿಡುವವರೂ ಬರೆಯಬಹುದು. ನೆಲ ಕಳೆದುಕೊಂಡವರ ಮಾತು ಬೇರೆ, ಅದನ್ನು ಊರಿನ ವಾಸದ ಜೊತೆ ಬೆರೆಸಬಾರದು. ಕೊಟ್ಟ ಮಾತಿನಂತೆ ಅಂಥ ಮನೆಗೊಂದು ಕೆಲಸ ಕೊಡಬೇಕು. ನಮ್ಮ ವಕೀಲರು ಇದನ್ನು ವಿವರಿಸಿದಾಗ ನನಗೆ ಉಸಿರು ಬಂದಂತಾಯಿತು. ಮುನಿಲಕ್ಷ್ಮಿಯ ಕೆಲಸ ಉಳಿಯಿತಲ್ಲ ಎಂದುಕೊಂಡೆ.

ಹಾಗಾಗಲಿಲ್ಲ. ಮನೆಗೊಂದು ಎಂದರೆ ಒಬ್ಬರೇ. ಪಿಳ್ಳಪ್ಪನವರಿಗೆ ನಾರಾಯಣ ಎಂಬ ಮಗನೂ ಇದ್ದ, ಮುನಿಲಕ್ಷ್ಮಿಯ ಅಣ್ಣ. ಓದು ಅರ್ಧಕ್ಕೆ ಬಿಟ್ಟು ಸುಮ್ಮನೆ ತಿರುಗಾಡುತ್ತಿದ್ದ. ತಂದೆ ಅವನ ಹೆಸರು ಕೊಟ್ಟರು. ನನಗ್ಯಾಕಿಲ್ಲ ಎಂದು ಮುನಿಲಕ್ಷ್ಮಿ ಒಂದೇ ಸಲ ಕೇಳಿದಳಂತೆ. ನೀನು ನಾಳೆ ಗಂಡನ ಮನೆಗೆ ಹೋಗುವವಳು ಎಂದರಂತೆ. ಊರಿನವಳೆಂದು ಸಿಕ್ಕಿದ್ದ ಕೆಲಸ ನನ್ನ ಮೊಕದ್ದಮೆಯಿಂದ ಹೋಯಿತು. ನೆಲದ ಲೆಕ್ಕದಲ್ಲಿ ಸಿಗಬೇಕಾದದ್ದು ಹೆಣ್ಣೆಂದು ಹೋಯಿತು. ಅವಳು ನಮ್ಮ ಬಾಗಿಲಿಗೆ ಬಂದು ನಿಂತಾಗ ನಾನು ಎದ್ದು ನಿಂತೆ. ಅವಳು ಹೊಸ್ತಿಲ ಮೇಲೆ ಕೂತು, ಪರೀಕ್ಷೆಯಲ್ಲಿ ಏನೇನು ಕೇಳುತ್ತಾರೆ ಎಂದಳು.

ಮನೆಯಲ್ಲಿ ಓದುವ ವಾತಾವರಣ ಇರಲಿಲ್ಲ. ಬೆಳಿಗ್ಗೆ ನನ್ನ ಅಣ್ಣನನ್ನು ರೈಲು ಹತ್ತಿಸಿ ಕಳಿಸಿದ ಮೇಲೆ ನಾವಿಬ್ಬರೂ ಯಲಹಂಕ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಪುಸ್ತಕ ಹರಡಿಕೊಳ್ಳುತ್ತಿದ್ದೆವು. ಆ ರೈಲು ಹೋದರೆ ಮುಂದಿನದು ಬರುವವರೆಗೆ ಅಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಜಕ್ಕೂರಿನ ಕಡೆಯಿಂದ ಆಗಾಗ ಪುಟ್ಟ ವಿಮಾನವೊಂದು ತಲೆಯ ಮೇಲೆ ಹಾದುಹೋಗುತ್ತಿತ್ತು. ಕೈಕೆಲಸದಲ್ಲಿ ಅವಳನ್ನು ಮೀರಿಸುವುದು ಕಷ್ಟವಿತ್ತು. ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸುವುದನ್ನು ಅವಳಿಗೆ ಬಾವಿ ನೀರು, ಕಾಲುವೆಯ ಅಗಲ ಎಂದೆಲ್ಲ ಹೇಳಿ ಕಲಿಸಿದೆ. ಕೆಲವು ದಿನ ಬಂತು, ಕೆಲವು ದಿನ ಮತ್ತೆ ಮರೆತಳು. ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ.

ಪರೀಕ್ಷೆ ಬರೆದೆವು. ಬೇಸಿಗೆಯ ಮೊದಲ ಮಳೆ ಬಿದ್ದ ಮಾರನೆಯ ದಿನ ಫಲಿತಾಂಶ ಹಚ್ಚಿದರು. ನಾನು ಒಲೆಯ ಮುಂದಿದ್ದೆ. ನೋಡಿ ಬಂದವಳು ಅವಳು. ಕೆಸರಿನ ಕಾಲಲ್ಲೇ ಒಳಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ನಿನ್ನೆಸ್ರು ಐತೆ ಅಕ್ಕ.”

“ನಿಂದು?”

“ಮುಂದಿನ್ ಸಲ.”

ನಾನು ಅವಳ ಕೈ ಬಿಡಲಿಲ್ಲ. ನಿನ್ನ ಬಿಟ್ಟು ನಾ ಹೆಂಗ ಹೋಗ್ಲಿ ಎಂದೆ. ಆಗ ಅವಳಿಗೆ ಸಿಟ್ಟು ಬಂತು. ಆ ವರ್ಷವೆಲ್ಲ ನನ್ನ ಮೇಲೆ ಬಂದ ಸಿಟ್ಟು ಅದೊಂದೇ.

“ಮತ್ತೆ ಕೋರ್ಟಿಗೆ ಯಾಕೆ ಓದೆ? ನೀನ್ ಒಳಗೆ ಓಗ್ದಿದ್ರೆ ನನ್ ಕೆಲಸ ಸುಮ್ಸುಮ್ನೆ ಓದಂಗಾಯ್ತದೆ. ಓಗಬೇಕು ನೀನು.”

ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ ಬುತ್ತಿ ಹಿಡಿದು ಜಗಲಿಗೆ ಬಂದರೆ ಪಿಳ್ಳಪ್ಪನವರು ನಿಂತಿದ್ದರು. ಮಾತಿಲ್ಲದೆ ತಿಂಗಳುಗಳೇ ಕಳೆದಿದ್ದವು. ನಾನು ತಲೆ ಬಗ್ಗಿಸಿ ದಾಟಲು ನೋಡಿದೆ. ಅವರು ನನ್ನ ಬುತ್ತಿಯನ್ನೇ ನೋಡುತ್ತಾ ಅಂದರು: “ಗೇಟು ದಾಟಿ ಬಲಕ್ಕೆ ಓದ್ರೆ ಒಂದು ಬೇವಿನ ಮರ ಐತಮ್ಮ. ನಮ್ದೇ ಅದು, ಕಡೀದೆ ಬಿಟ್ಟವ್ರೆ. ಊಟಕ್ಕೆ ಅಲ್ಲಿ ಕುಂತ್ಕೋ, ನೆಳ್ಳು ಚೆನ್ನಾಗಿರ್ತದೆ.”

ಆ ಮಧ್ಯಾಹ್ನ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆ. ಒಂದು ರೊಟ್ಟಿ ತಿಂದು, ಇನ್ನೊಂದನ್ನು ಸಂಜೆ ಮುನಿಲಕ್ಷ್ಮಿಗೆಂದು ಕಟ್ಟಿಟ್ಟೆ.

ಮುನಿಲಕ್ಷ್ಮಿ ಆ ವರ್ಷ ಜಕ್ಕೂರಿನ ಬಳಿ ಬೇರೆಯವರ ತೋಟದಲ್ಲಿ ಕೂಲಿಗೆ ಹೋದಳು. ಸಂಜೆ ಬಂದು ಇವತ್ತು ಏನು ಮಾಡಿದಿರಿ ಎಂದು ನನ್ನಿಂದ ಹೇಳಿಸಿಕೊಂಡು, ಲೆಕ್ಕದ ಪುಸ್ತಕ ತೆರೆಯುತ್ತಿದ್ದಳು. ಮುಂದಿನ ಸಲದ ಪರೀಕ್ಷೆಯಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲಿತ್ತು. ಪಿಳ್ಳಪ್ಪನವರು ತಾವೇ ಗೇಟಿನವರೆಗೆ ಬಂದು ಬಿಟ್ಟುಹೋದರು. ಮದುವೆಯಾದ ಮೇಲೂ ಅವಳು ಕೆಲಸ ಬಿಡಲಿಲ್ಲ.

ನಾವು ಅಕ್ಕಪಕ್ಕದ ಬೆಂಚುಗಳಲ್ಲಿ ಕೂದಲು ನೆರೆಯುವವರೆಗೆ ದುಡಿದೆವು. ಕೆಲವೇ ವರ್ಷಗಳಲ್ಲಿ ಹೊಸ ಹುಡುಗಿಯರಿಗೆ ಕಲಿಸುವ ಹೊಣೆ ಅವಳಿಗೆ ಬಂತು. ಎಂಬತ್ತರ ದಶಕದಲ್ಲಿ ರಾಯಚೂರು, ಕೋಲಾರ, ತುಮಕೂರು, ನಾಗಸಂದ್ರ, ನಮ್ಮದೇ ಬೀದಿ, ಎಲ್ಲ ಕಡೆಯಿಂದ ಹುಡುಗಿಯರು ಬರುತ್ತಿದ್ದರು. ಹೊರಗೆ ಒಳಗಿನವರು, ಹೊರಗಿನವರು ಎಂಬ ಕೂಗು ಏಳುತ್ತಿತ್ತು, ಇಳಿಯುತ್ತಿತ್ತು. ಹೊಸಬರು ಬಂದರೆ ಕಾರ್ಖಾನೆಯಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದದ್ದು, ಯಾವೂರು. ಮುನಿಲಕ್ಷ್ಮಿ ಒಬ್ಬಳು ಅದನ್ನು ಕೇಳಿದ್ದನ್ನು ನಾನು ಕಾಣೆ. ಹೆದರಿ ನಿಂತ ಹುಡುಗಿಯನ್ನು ಬೆಂಚಿನ ಮುಂದೆ ಕೂರಿಸಿ, ಬಿಸಿ ಐರನ್ನನ್ನು ಯಾವ ಬದಿಗೆ ಇಡಬೇಕೆಂದು ತಿಳಿಯುವುದಕ್ಕೆ ಅವಳು ಕೇಳುತ್ತಿದ್ದದ್ದು ಒಂದೇ ಮಾತು: “ನಿಂಗೆ ಯಾವ ಕೈ ಆಡ್ತದಮ್ಮ, ಎಡದ್ದೋ ಬಲದ್ದೋ?”